ಕೊಯ್ನಾ ಆಣೆಕಟ್ಟಿನ ಕುತ್ತಿಗೆ

ಪುಣೆ, 11 ಡಿಸೆಂಬರ್ 2022, ಭಾನುವಾರ

1967ರ ಇದೇ ದಿನ, ನಸುಕಿನ ನಾಲ್ಕೂ ಇಪ್ಪತ್ತರ ಸುಮಾರಿಗೆ ಮಹಾರಾಷ್ಟ್ರದ ಕೊಯ್ನಾನಗರದ ನೆಲ ನಡುಗಿತು. ಭೂಕಂಪದ ಪ್ರಮಾಣ 6.3, ಸುಮಾರು 180 ಜನ ಸತ್ತರು. ಮನೆಗಳು ಕುಸಿದು ಬಿದ್ದರೂ ಪಕ್ಕದಲ್ಲಿದ್ದ 103 ಮೀಟರ್ ಎತ್ತರದ ಕೊಯ್ನಾ ಆಣೆಕಟ್ಟು ಮೇಲ್ಭಾಗದಲ್ಲಿ ಬಿರುಕು ಬಿಟ್ಟುಕೊಂಡೇ ನಿಂತಿತು. ಕೊಯ್ನೆ ನದಿ ಕರಾಡದಲ್ಲಿ ಕೃಷ್ಣೆಯನ್ನು ಸೇರಿ ನಮ್ಮ ಬಾಗಲಕೋಟೆ ಸೀಮೆಗೇ ಬರುವುದರಿಂದ, ಆ ಕಟ್ಟೆಯ ಕ್ಷೇಮ ಬರೀ ಮಹಾರಾಷ್ಟ್ರದ ವಿಷಯವೆಂದು ನನಗೆ ಎಂದೂ ಅನ್ನಿಸಿಲ್ಲ.

ಮಧ್ಯಾಹ್ನ ಅದರ ಅಡ್ಡಸೀಳಿಕೆಯ ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಂಡಿದ್ದಾಗ, ಚಹಾಕ್ಕೆ ಬಂದ ನೆರೆಮನೆಯ ಕಾಕಾ ಬಹಳ ಹೊತ್ತು ನೋಡಿ ಕೇಳಿದರು: "ಅಲ್ಲಪಾ, ನೀರಿನ ಭಾರ ಎಲ್ಲಾ ಬುಡದಾಗ ಇರ್ತದ. ಸೀಳಿದ್ದು ಮ್ಯಾಲ ಯಾಕ?"

ಈ ವಿಷಯದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಅದೇ. ನಕ್ಷೆಯಲ್ಲಿ ನೀರಿನ ಕಡೆಯ ಮುಖ ಹೆಚ್ಚುಕಡಿಮೆ ನೆಟ್ಟಗಿದೆ. ಹಿಂಬದಿಯ ಮುಖ ಮೇಲಿನಿಂದ ಕಡಿದಾಗಿ ಇಳಿದು, ಬುಡದಿಂದ ಸುಮಾರು 66 ಮೀಟರ್ ಎತ್ತರದಲ್ಲಿ ಒಮ್ಮೆಲೇ ಅಗಲವಾಗುತ್ತದೆ. ಎರಡು ಹಂತದಲ್ಲಿ ಕಟ್ಟಬೇಕೆಂದಿದ್ದ ಯೋಜನೆ ಕೆಲಸದ ನಡುವೆ ಬದಲಾಗಿ, ಪೂರ್ತಿ ಎತ್ತರಕ್ಕೆ ಒಂದೇ ಬಾರಿಗೆ ಏರಿಸಿದ್ದರಿಂದ ಬಂದ ಆಕಾರ ಅದು. ನೆಲ ಅಲುಗಿದಾಗ ಬುಡ ನೆಲದ ಜೊತೆಗೇ ಚಲಿಸುತ್ತದೆ, ತಲೆ ಮಾತ್ರ ಅದಕ್ಕಿಂತ ಹಲವು ಪಟ್ಟು ಹೆಚ್ಚು ತೂಗಾಡುತ್ತದೆ, ಜಲಾಶಯದ ನೀರೂ ಅದಕ್ಕೆ ತನ್ನ ಒತ್ತಡ ಸೇರಿಸುತ್ತದೆ; ಆ ಬಾಗುವಿಕೆಯೆಲ್ಲ ಇಳಿಜಾರು ಮುರಿಯುವ ಈ ಕುತ್ತಿಗೆಯಲ್ಲಿ ಕೂಡಿಬೀಳುತ್ತದೆ. ಬಾಗಿದಾಗ ಒಂದು ಮುಖ ಒತ್ತಿಕೊಳ್ಳುತ್ತದೆ, ಇನ್ನೊಂದು ಎಳೆದುಕೊಳ್ಳುತ್ತದೆ; ಕಾಂಕ್ರೀಟು ಒತ್ತನ್ನು ಚೆನ್ನಾಗಿ ತಡೆದೀತು, ಎಳೆತವನ್ನು ಅಷ್ಟಾಗಿ ತಡೆಯದು. ಗುರುತ್ವದ ಇಪ್ಪತ್ತನೆಯ ಒಂದು ಪಾಲಿನಷ್ಟು ಅಡ್ಡಬಲವನ್ನು ಮಾತ್ರ ಲೆಕ್ಕ ಹಿಡಿದು ಕಟ್ಟಿದ್ದ ಆ ಗೋಡೆಯೊಳಗಿನ ಉಪಕರಣ, ನದಿ ಹರಿಯುವ ದಿಕ್ಕಿನಲ್ಲಿ ಗುರುತ್ವದ ಸುಮಾರು ಅರ್ಧದಷ್ಟು ವೇಗೋತ್ಕರ್ಷವನ್ನು ದಾಖಲಿಸಿತ್ತು.

ಬಿರುಕುಗಳಿಗೆ ಎಪಾಕ್ಸಿ ಅಂಟು ತುಂಬಿದರು, ಉಕ್ಕಿನ ಕೇಬಲ್‌ಗಳನ್ನು ಇಳಿಸಿ ಬಿಗಿದರು, ಆಮೇಲೆ ಎತ್ತರದ ಬ್ಲಾಕುಗಳ ಬೆನ್ನಿಗೆ ಕಾಂಕ್ರೀಟಿನ ಬಟ್ರೆಸ್‌ಗಳನ್ನು, ಅಂದರೆ ಆಸರೆಗೋಡೆಗಳನ್ನು, ಕಟ್ಟಿದರು. ಹೇಳಲು ಇದು ಒಂದು ಸಾಲಿನ ಮಾತು. ಆದರೆ ಹಳೆಯ ಕಾಂಕ್ರೀಟಿಗೆ ಹೊಸದನ್ನು ಅಂಟಿಸುವುದು ಬಹಳ ನಾಜೂಕಿನ ಕೆಲಸ. ಹೊಸದು ಗಟ್ಟಿಯಾಗುತ್ತ ಬಿಸಿಯೇರುತ್ತದೆ, ತಣಿಯುತ್ತ ಕುಗ್ಗುತ್ತದೆ. ಹಳೆಯದು ಎಂದೋ ಕುಗ್ಗಿ ಮುಗಿದಿರುತ್ತದೆ. ಮೇಲ್ಮೈಯನ್ನು ಕೆತ್ತಿ ಒರಟು ಮಾಡಿ, ಸರಳುಗಳನ್ನು ಕೂರಿಸಿ, ತಂಪು ಮಾಡಿದ ಕಾಂಕ್ರೀಟನ್ನು ಹಂತಹಂತವಾಗಿ ಹಾಕದಿದ್ದರೆ ಎರಡರ ನಡುವೆ ಸಂದು ಉಳಿಯುತ್ತದೆ, ಮುಂದಿನ ಕಂಪನದಲ್ಲಿ ಆ ಆಸರೆ ಬೇರೆಯಾಗಿಯೇ ಅಲುಗುತ್ತದೆ. ನೀರು ಉಕ್ಕಿ ಹರಿಯುವ ಕೋಡಿಯ ಭಾಗವನ್ನು ಬಲಪಡಿಸುವ ಕೆಲಸವಂತೂ 2000ರ ದಶಕದವರೆಗೆ ಕಾಯಬೇಕಾಯಿತು. ಜಲಾಶಯ ತುಂಬಿದ ಮೇಲೆ ಶುರುವಾದ ಸಣ್ಣಪುಟ್ಟ ಕಂಪನಗಳು ಆ ಭಾಗದಲ್ಲಿ ಇಂದಿಗೂ ನಿಂತಿಲ್ಲವಾದ್ದರಿಂದ, ಅಷ್ಟು ದೀರ್ಘ ಕಾಲ ಕಾದದ್ದು ನನಗೆ ಒಪ್ಪಿಗೆಯಾಗುವುದಿಲ್ಲ.

"ಹಂಗಾರ ನಮ್ಮ ಖಡಕವಾಸಲಾದ್ದು?" ಎಂದರು ಕಾಕಾ. 1879ರಲ್ಲಿ ಮುಗಿದ ಆ ಕಲ್ಲುಗಾರೆಯ ಕಟ್ಟೆ, 1961ರ ಜುಲೈ 12ರಂದು ಮೇಲ್ಗಡೆಯ ಪಾನಶೇತ ಆಣೆಕಟ್ಟು ಒಡೆದ ದಿನ ತಾನೂ ಒಡೆದು, ಮತ್ತೆ ಕಟ್ಟಿಸಿಕೊಂಡದ್ದು. ದೇಶದ 2016ರ ಭೂಕಂಪ ವಲಯ ನಕ್ಷೆಯಲ್ಲಿ ಪುಣೆ ಕೊಯ್ನಾದಷ್ಟು ಅಪಾಯದ ವಲಯದಲ್ಲಿರಲಿಲ್ಲ, ಮೂರನೆಯ ವಲಯದಲ್ಲಿತ್ತು. ಆದರೂ ಇಂಥ ಹಳೆಯ ಕಟ್ಟೆಗಳಲ್ಲಿ ಬಟ್ರೆಸ್ಸಿಗಿಂತ ಮೊದಲು ನೋಡಬೇಕಾದದ್ದು ಒಸರುವ ನೀರನ್ನು. ಗಾರೆಯ ಸುಣ್ಣ ಕರಗಿ ಬಂದು, ಒಸರನ್ನು ಹೊರಬಿಡುವ ಬಸಿಗಾಲುವೆಯ ರಂಧ್ರಗಳಲ್ಲಿ ಬೆಳ್ಳಗೆ ಕಟ್ಟಿಕೊಂಡರೆ, ಒಳಗೆ ನೀರಿನ ಮೇಲೊತ್ತಡ, ಅಂದರೆ ಕಟ್ಟೆಯನ್ನು ಮೇಲಕ್ಕೆತ್ತುವ ಒತ್ತಡ, ಏರುತ್ತದೆ. ಕಟ್ಟೆಯನ್ನು ನಿಲ್ಲಿಸುವುದು ಅದರ ತೂಕವಾದ್ದರಿಂದ, ಮೇಲೊತ್ತಡ ಏರಿದಷ್ಟೂ ಆ ತೂಕದ ಹಿಡಿತ ಸಡಿಲವಾಗುತ್ತದೆ. ಕಂಪನದ ಹೊತ್ತಿಗೆ ಹೊಸ ಬಿರುಕಿನೊಳಗೂ ನೀರು ನುಗ್ಗುತ್ತದೆ. ಆ ರಂಧ್ರಗಳನ್ನು ಮತ್ತೆ ಕೊರೆದು ಬಿಡಿಸಿಡುವುದು, ಒಸರನ್ನು ಮಳೆಗಾಲದಲ್ಲೂ ಬೇಸಿಗೆಯಲ್ಲೂ ಅಳೆದು ಬರೆದಿಡುವುದು ಸಣ್ಣ ಖರ್ಚಿನ ಕೆಲಸಗಳು. ದೊಡ್ಡ ಯೋಜನೆಗೆ ಹಣ ಮಂಜೂರಾಗುವವರೆಗೆ ಅವನ್ನು ತಡೆದಿಡಲು ಯಾವ ಕಾರಣವೂ ಇಲ್ಲ.