ನೀಟ್ ಫಲಿತಾಂಶದ ನಂತರದ ಹದಿನೈದು ದಿನ

2025ರ ಜೂನ್ 14, ಶನಿವಾರ. ಹಾವೇರಿ ಜಿಲ್ಲೆಯ ನಮ್ಮ ಊರಿನಲ್ಲಿ ಅಣ್ಣ ಗೋವಿನಜೋಳದ ಬಿತ್ತನೆ ನೋಡಿಕೊಂಡು ಹೊಲದಿಂದ ಮನೆಗೆ ಬರುವ ಮೊದಲೇ ಮಗಳ ಮೊಬೈಲಿಗೆ ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್ ಫಲಿತಾಂಶ ಬಂದಿತ್ತು. 720ಕ್ಕೆ 372. ಹುಬ್ಬಳ್ಳಿಯಲ್ಲಿದ್ದ ನನಗೆ ಫೋನ್ ಮಾಡಿ ಅವಳು ಹೇಳಿದ್ದು ಒಂದೇ ಮಾತು: "ಕಾಕಾ, ಅಪ್ಪಗ ನೀವ ಹೇಳ್ರಿ, ನನಗ ಬಾಯಿ ಬರವಲ್ದು."

ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಲು ಆರಂಭಿಸಿ ಇಪ್ಪತ್ತೆರಡು ವರ್ಷಗಳಾದವು. ಇಂಥ ಫೋನುಗಳು ನನಗೆ ಪ್ರತಿವರ್ಷವೂ ಬರುತ್ತವೆ. ಆದರೆ ಮನೆಯ ಮಗಳ ಧ್ವನಿಯಲ್ಲಿ ಕೇಳಿದಾಗ ಇಷ್ಟು ವರ್ಷ ಬೇರೆಯವರಿಗೆ ಹೇಳುತ್ತಿದ್ದ ಸಮಾಧಾನದ ಮಾತುಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ. ಆ ರಾತ್ರಿ ಊರಿಗೆ ಹೋದೆ. ಅಲ್ಲಿಂದ ಮುಂದಿನ ಹದಿನೈದು ದಿನಗಳಲ್ಲಿ ನಾವು ಮಾಡಿದ್ದನ್ನು ಮತ್ತು ನನ್ನ ವಿದ್ಯಾರ್ಥಿಗಳ ಮನೆಗಳಲ್ಲಿ ಆಗದೆ ಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಕಡಿಮೆ ಅಂಕದಿಂದ ಆಗುವ ನಷ್ಟಕ್ಕಿಂತ ಆ ದಿನಗಳಲ್ಲಿ ಯಾರೂ ತಾರೀಖು ನೋಡದೆ ಆಗುವ ನಷ್ಟವೇ ದೊಡ್ಡದು ಎಂಬುದು ನಾನು ಕಣ್ಣಾರೆ ಕಂಡ ಸಂಗತಿ.

ಕೆಲವು ವರ್ಷಗಳ ಹಿಂದೆ ಗದಗ ಕಡೆಯ ಒಬ್ಬ ಹುಡುಗ ನನ್ನ ತರಗತಿಯಲ್ಲಿದ್ದ. ನೀಟ್‌ನಲ್ಲಿ ಎಡವಿದ, ಆದರೆ ರಾಜ್ಯದ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ ಅವನ ರ‍್ಯಾಂಕ್ ಪಶುವೈದ್ಯಕೀಯಕ್ಕೆ ಪ್ರಯತ್ನಿಸಬಹುದಾದಷ್ಟು ಚೆನ್ನಾಗಿತ್ತು. ತಂದೆ ಮಾತು ಬಿಟ್ಟರು, ಹುಡುಗ ಫೋನ್ ಬಂದ್ ಮಾಡಿ ಮೂಲೆಯಲ್ಲಿ ಕುಳಿತ, ಬೇಕಾದ ಕಾಲೇಜುಗಳ ಪಟ್ಟಿ ಕೊಡುವ ಆಪ್ಶನ್ ಎಂಟ್ರಿಯ ದಿನಗಳು ಹಾಗೆಯೇ ಕಳೆದುಹೋದವು. ಆಮೇಲೆ ಎಚ್ಚೆತ್ತು ಒಂದು ಕೋಚಿಂಗ್ ಸಂಸ್ಥೆಯಲ್ಲಿ ಲಾಂಗ್ ಟರ್ಮ್, ಅಂದರೆ ಮತ್ತೆ ನೀಟ್ ಬರೆಯಲು ಒಂದು ವರ್ಷದ ತರಬೇತಿಗೆ, ಸೇರಿಸಿದರು. ಮರುವರ್ಷ ಬಂದ ಅಂಕ ಮೊದಲಿನದಕ್ಕಿಂತ ಕಡಿಮೆ. ಆ ಎರಡನೆಯ ಸೋಲಿಗಿಂತಲೂ ಕೈಯಲ್ಲಿದ್ದ ಮೊದಲ ವರ್ಷದ ರ‍್ಯಾಂಕ್ ವ್ಯರ್ಥವಾದದ್ದು ನನಗೆ ಇಂದಿಗೂ ನೋವು ಕೊಡುತ್ತದೆ, ಆ ವಾರ ಅವರ ಮನೆಗೆ ನಾನು ಹೋಗಬೇಕಿತ್ತು.

ಅಣ್ಣನ ಮನೆಯಲ್ಲಿ ಮೊದಲ ದಿನ ಯಾವ ನಿರ್ಧಾರವನ್ನೂ ಮಾಡಲಿಲ್ಲ. ಎರಡನೆಯ ದಿನ, ಪರೀಕ್ಷೆ ನಡೆಸುವ ಎನ್‌ಟಿಎ ಕೊಟ್ಟಿದ್ದ ಓಎಂಆರ್ (ಅವಳು ಉತ್ತರ ಗುರುತು ಮಾಡಿದ ಹಾಳೆ) ಪ್ರತಿ ಮತ್ತು ಉತ್ತರಗಳ ಪಟ್ಟಿಯನ್ನು ಹರವಿಕೊಂಡು ಅವಳೂ ನಾನೂ ಲೆಕ್ಕ ಹಾಕಿದೆವು. ಅಂಕಪಟ್ಟಿಯಲ್ಲಿ ವಿಷಯವಾರು ಪರ್ಸೆಂಟೈಲ್ (ಶೇಕಡಾ ಎಷ್ಟು ಮಂದಿಗಿಂತ ಮೇಲಿದ್ದಾಳೆ ಎಂಬುದು) ಮಾತ್ರ ಇರುವುದರಿಂದ ಈ ಲೆಕ್ಕವನ್ನು ನಾವೇ ಮಾಡಬೇಕು. ಜೀವಶಾಸ್ತ್ರದ 90 ಪ್ರಶ್ನೆಗಳಲ್ಲಿ 69 ಸರಿ, 11 ತಪ್ಪು, ಅಂಕ 265. ರಸಾಯನಶಾಸ್ತ್ರದ 45ರಲ್ಲಿ 24 ಸರಿ, 14 ತಪ್ಪು, ಅಂಕ 82. ಭೌತಶಾಸ್ತ್ರದ 45ರಲ್ಲಿ 9 ಸರಿ, 11 ತಪ್ಪು, ಉಳಿದ 25 ಪ್ರಶ್ನೆಗಳನ್ನು ಮುಟ್ಟಿಯೇ ಇರಲಿಲ್ಲ, ಅಂಕ 25. ಸರಿಯುತ್ತರಕ್ಕೆ 4, ತಪ್ಪಿಗೆ ಕಳೆಯುವುದು 1. ಹೀಗೆ ಬಿಡಿಸಿ ನೋಡಿದಾಗ "ನಾನು ದಡ್ಡಿ" ಎಂದು ಎರಡು ದಿನದಿಂದ ಹೇಳುತ್ತಿದ್ದ ಹುಡುಗಿಗೆ ತನ್ನ ಸೋಲು ಎಲ್ಲಿದೆ ಎಂಬುದು ಕಾಗದದ ಮೇಲೆ ಕಾಣಿಸಿತು. ಅವಳ ಕಾಲೇಜಿನಲ್ಲಿ ದ್ವಿತೀಯ ಪಿಯು ವರ್ಷದ ಅರ್ಧ ಭಾಗ ಭೌತಶಾಸ್ತ್ರದ ಉಪನ್ಯಾಸಕರೇ ಇರಲಿಲ್ಲ ಎಂಬುದು ನನಗೆ ಗೊತ್ತಾದದ್ದೂ ಅಂದೇ.

ಇನ್ನೊಂದು ತಪ್ಪು ಲೆಕ್ಕ ನಮ್ಮ ಓಣಿಗಳಲ್ಲಿ ಸದಾ ನಡೆಯುತ್ತದೆ: ಹೋದ ವರ್ಷ ಇಂಥವರ ಮಗನಿಗೆ ಇಷ್ಟು ಅಂಕಕ್ಕೆ ಸೀಟು ಸಿಕ್ಕಿತ್ತು, ನಿಮ್ಮವಳಿಗೆ ಯಾಕಿಲ್ಲ ಎಂಬುದು. 2024ರಲ್ಲಿ ಪರಿಷ್ಕೃತ ಫಲಿತಾಂಶದ ನಂತರವೂ 720ಕ್ಕೆ 720 ಪಡೆದ 17 ಮಂದಿ ಇದ್ದರು. 2025ರಲ್ಲಿ ದೇಶಕ್ಕೇ ಮೊದಲ ಸ್ಥಾನ ಬಂದದ್ದು 686ಕ್ಕೆ. ಸಾಮಾನ್ಯ ವರ್ಗದ ಅರ್ಹತಾ ಅಂಕ 162ರಿಂದ 144ಕ್ಕೆ ಇಳಿಯಿತು. ಆದ್ದರಿಂದ ಎರಡು ವರ್ಷಗಳ ಅಂಕಗಳನ್ನು ಅಕ್ಕಪಕ್ಕ ಇಟ್ಟು ತೂಗುವುದರಲ್ಲಿ ಅರ್ಥವಿಲ್ಲ, ನೋಡಬೇಕಾದದ್ದು ರ‍್ಯಾಂಕ್. ಹಾಗೆಯೇ ಅರ್ಹತೆ ಪಡೆದರೆ ಸೀಟು ಸಿಕ್ಕಂತೆ ಎಂದು ತಿಳಿದು ಪೇಢೆ ಹಂಚಿದವರನ್ನೂ ನಾನು ಕಂಡಿದ್ದೇನೆ. 2025ರಲ್ಲಿ ಸುಮಾರು 22.09 ಲಕ್ಷ ಮಂದಿ ಬರೆದರು, 12.36 ಲಕ್ಷ ಮಂದಿ ಅರ್ಹರಾದರು. ಇಡೀ ದೇಶದ ಎಂಬಿಬಿಎಸ್ ಸೀಟುಗಳು ಸುಮಾರು ಒಂದೂಕಾಲು ಲಕ್ಷ, ಅವುಗಳಲ್ಲಿಯೂ ಸಾಧಾರಣ ಕುಟುಂಬದ ಕೈಗೆ ಎಟಕುವ ಶುಲ್ಕದವು ಇನ್ನೂ ಕಡಿಮೆ.

ಮತ್ತೊಂದು ವರ್ಷ ಓದಬೇಕೇ ಎಂಬ ಪ್ರಶ್ನೆಗೆ ನಾನು ಎಲ್ಲರಿಗೂ ಒಂದೇ ಉತ್ತರ ಕೊಡುವುದಿಲ್ಲ. ನೀಟ್ ಬರೆಯಲು ವಯಸ್ಸಿನ ಮೇಲ್ಮಿತಿ ಇಲ್ಲ, ಇಷ್ಟೇ ಸಲ ಎಂಬ ಕಟ್ಟೂ ಇಲ್ಲ. ಕಟ್ಟಿಲ್ಲದಿರುವುದೇ ಕೆಲವು ಮಕ್ಕಳ ಮೂರು ನಾಲ್ಕು ವರ್ಷಗಳನ್ನು ನುಂಗಿದೆ. ಒಂದು ವಿಷಯ ಮಾತ್ರ ಹಿಂದುಳಿದಿದ್ದು ಅದಕ್ಕೆ ಸ್ಪಷ್ಟ ಕಾರಣವಿದ್ದರೆ, ಜ್ವರವೋ ಮನೆಯಲ್ಲಿ ಸಾವೋ ಓದಿಗೆ ಅಡ್ಡ ಬಂದಿದ್ದರೆ, ಎಲ್ಲಕ್ಕೂ ಮೊದಲು ಮಗುವೇ ತಾನಾಗಿ ಕೇಳಿದರೆ, ಒಂದು ವರ್ಷ ಕೊಡುವುದು ಸರಿ. ಮೂರೂ ವಿಷಯಗಳಲ್ಲಿ ಒಂದೇ ಸಮನೆ ಕಡಿಮೆ ಬಂದಿದ್ದು, ಲಾಂಗ್ ಟರ್ಮ್ ಎಂಬ ಮಾತು ತಂದೆಯ ಬಾಯಿಂದ ಮಾತ್ರ ಬರುತ್ತಿದ್ದರೆ ಅದು ಸರಿಯಲ್ಲ. ಧಾರವಾಡದ ಹಾಸ್ಟೆಲುಗಳಲ್ಲಿ ಎರಡನೆಯ, ಮೂರನೆಯ ಸಲ ಓದುತ್ತಿರುವ ಮಕ್ಕಳನ್ನು ಭೇಟಿಯಾದಾಗ ನಾನು ಮೊದಲು ಕೇಳುವುದು ಊಟ, ನಿದ್ದೆಯ ಬಗ್ಗೆ. ಸಾಲ ಮಾಡಿ ಕಳಿಸಿದ್ದಾರೆಂಬ ಭಾರ ಹೊತ್ತವರು ಪಾಠದ ಬಗ್ಗೆ ಕೇಳಿದರೆ ಸುಮ್ಮನೆ ತಲೆ ಆಡಿಸುತ್ತಾರೆ.

ಅಣ್ಣನ ಮಗಳು ಏಪ್ರಿಲಿನಲ್ಲಿ ಸಿಇಟಿ ಬರೆದಿದ್ದಳು, ಅದರ ಫಲಿತಾಂಶ ಮೇ 24ರಂದೇ ಬಂದಿತ್ತು. ಆದರೆ ನೀಟ್‌ನ ಕಾಯುವಿಕೆಯಲ್ಲಿ ಅದನ್ನು ಮನೆಯಲ್ಲಿ ಯಾರೂ ಎರಡನೆಯ ಸಲ ತೆರೆದು ನೋಡಿರಲಿಲ್ಲ. ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ. ಹಾಗಾಗಿ ನೀಟ್‌ನಲ್ಲಿ ತಪ್ಪುತ್ತರಗಳಿಂದ ಕೆಳಗಿಳಿದವರ ಸಿಇಟಿ ರ‍್ಯಾಂಕ್ ಅನೇಕ ಸಲ ನಿರೀಕ್ಷೆಗಿಂತ ಮೇಲಿರುತ್ತದೆ. ನಮ್ಮ ರಾಜ್ಯದ ಪಶುವೈದ್ಯಕೀಯ ಸೀಟುಗಳು ಸಿಇಟಿಯ ಮೂಲಕವೇ ಹಂಚಿಕೆಯಾಗುತ್ತವೆ. ಅಖಿಲ ಭಾರತ ಕೋಟಾದ ಶೇಕಡಾ 15ರಷ್ಟಕ್ಕೆ ಮಾತ್ರ ನೀಟ್ ಬೇಕು. ಗದಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಕಾಲೇಜು ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲೂ ಇದೆ. ಹೊಲಮನೆಯವರ ಮಕ್ಕಳಿಗೆ ಕೃಷಿಕರ ಕೋಟಾ ಇದ್ದು, ಅದಕ್ಕೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆಗೆ ಹಾಜರಾಗಬೇಕು. ನಮ್ಮವಳು ಅದನ್ನು ಬರೆದಿದ್ದು ಅವಳ ಗೆಳತಿ ಒತ್ತಾಯಿಸಿದ್ದರಿಂದ. ಆ ಗೆಳತಿಗೆ ನಮ್ಮ ಮನೆಯವರೆಲ್ಲರೂ ಋಣಿಗಳು.

ನೀಟ್ ಅರ್ಹತೆ ಇದ್ದವರಿಗೆ ಬಿಎಎಂಎಸ್, ಬಿಎಚ್‌ಎಂಎಸ್, ಬಿಡಿಎಸ್ (ಆಯುರ್ವೇದ, ಹೋಮಿಯೋಪಥಿ, ದಂತವೈದ್ಯ ಪದವಿಗಳು) ತೆರೆದಿವೆ. ಹುಬ್ಬಳ್ಳಿಯಲ್ಲೂ ಗದಗದಲ್ಲೂ ಆಯುರ್ವೇದ ಕಾಲೇಜುಗಳಿವೆ, ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್. ಆದರೆ ಇಲ್ಲಿ ನನ್ನದೊಂದು ವಿನಂತಿ ಇದೆ: ಆಯುರ್ವೇದವನ್ನು ಓದುವ ಮನಸ್ಸಿದ್ದವರೇ ಅಲ್ಲಿಗೆ ಹೋಗಲಿ. ಹೆಸರಿನ ಮುಂದೆ ಡಾಕ್ಟರ್ ಎಂದು ಬರಲಿ ಎಂಬ ಒಂದೇ ಕಾರಣಕ್ಕೆ ಸೇರಿದವರು ಆಯುರ್ವೇದದ ಮೂಲಗ್ರಂಥಗಳಾದ ಸಂಹಿತೆಗಳ ಸಂಸ್ಕೃತದ ಮುಂದೆ ಕಣ್ಣೀರು ಹಾಕಿದ್ದನ್ನು ನೋಡಿದ್ದೇನೆ. ಬಿಎಸ್ಸಿ ನರ್ಸಿಂಗ್, ಫಿಸಿಯೋಥೆರಪಿ, ಫಾರ್ಮಸಿ, ಪ್ರಯೋಗಾಲಯ ಮತ್ತು ಎಕ್ಸ್‌ರೇ ತಂತ್ರಜ್ಞಾನದ ಕೋರ್ಸುಗಳ ಬಗ್ಗೆ ಹೇಳಿದರೆ ಪಾಲಕರ ಮುಖ ಇಳಿದುಹೋಗುತ್ತದೆ. ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಯಲ್ಲಿ ನಮ್ಮ ತಾಯಿ ಹನ್ನೊಂದು ದಿನ ಇದ್ದಾಗ ರಾತ್ರಿ ಎರಡು ಗಂಟೆಗೆ ಎದ್ದು ಬಂದು ನೋಡಿದವರು ಯಾರು ಎಂಬುದನ್ನು ಅಣ್ಣನಿಗೆ ನೆನಪಿಸಿದೆ, ಅವನು ಏನೂ ಹೇಳಲಿಲ್ಲ.

ವಿದೇಶದಲ್ಲಿ ಎಂಬಿಬಿಎಸ್ ಓದುವ ಮಾತು ಬಂದದ್ದು ಮೂರನೆಯ ದಿನ, ಒಬ್ಬ ಏಜೆಂಟ್ ಮನೆಗೇ ಬಂದಾಗ. ಅವರು ಶುಲ್ಕ ಹೇಳಿದರು, ಊಟ ವಸತಿ ಹೇಳಿದರು, ಹೇಳಬೇಕಾದ ಉಳಿದದ್ದನ್ನು ಹೇಳಲಿಲ್ಲ. ಹೊರದೇಶದಲ್ಲಿ ಓದಲು ಹೋಗುವವರಿಗೂ ನೀಟ್ ಅರ್ಹತೆ ಕಡ್ಡಾಯ. ಮರಳಿ ಬಂದು ಭಾರತದಲ್ಲಿ ವೈದ್ಯವೃತ್ತಿ ಮಾಡಲು, ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮಗಳ ಪ್ರಕಾರ ಕೋರ್ಸು ಕನಿಷ್ಠ 54 ತಿಂಗಳು ಇರಬೇಕು, ಇಂಗ್ಲಿಷಿನಲ್ಲಿ ಕಲಿಸಿರಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು, ಮರಳಿ ಬಂದು ಇಲ್ಲಿಯೂ 12 ತಿಂಗಳು ಮಾಡಬೇಕು. ಅದಲ್ಲದೆ ವಿದೇಶದಲ್ಲಿ ಓದಿದವರಿಗಾಗಿ ಇಲ್ಲಿ ನಡೆಯುವ 300 ಅಂಕಗಳ ಎಫ್‌ಎಂಜಿಇ ಪರೀಕ್ಷೆಯಲ್ಲಿ 150 ಪಡೆಯಬೇಕು, ಅದರಲ್ಲಿ ಬರೆದವರ ಮೂರನೇ ಒಂದು ಭಾಗವೂ ತೇರ್ಗಡೆಯಾಗದ ಅವಧಿಗಳೇ ಹೆಚ್ಚು. ನಮ್ಮದೇ ಜಿಲ್ಲೆಯ ಚಳಗೇರಿಯ ವಿದ್ಯಾರ್ಥಿಯೊಬ್ಬ 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಯುದ್ಧಕ್ಕೆ ಬಲಿಯಾದ. ಆತನ ತಂದೆತಾಯಿಗಳು ಮಗನ ದೇಹವನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ಹೋಗಬೇಡಿ ಎಂದು ನಾನು ಹೇಳುವುದಿಲ್ಲ, ಹೋಗಿ ಓದಿ ಬಂದು ಚೆನ್ನಾಗಿ ಕೆಲಸ ಮಾಡುತ್ತಿರುವ ವಿದ್ಯಾರ್ಥಿಗಳೂ ನನಗಿದ್ದಾರೆ. ಆದರೆ ಹೊಲ ಮಾರುವ ಮೊದಲು ಈ ಎಲ್ಲವನ್ನೂ ಏಜೆಂಟರ ಎದುರಿಗೇ ಕೇಳಿ, ಉತ್ತರವನ್ನು ಬರೆದುಕೊಳ್ಳಿ.

ಕಾಗದಪತ್ರಗಳ ವಿಷಯವನ್ನು ಸಣ್ಣದೆಂದು ಬಿಡಬಾರದು. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇಕಡಾ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಮೀಸಲಾತಿ ಇದೆ. ಅದಕ್ಕೆ ಬೇಕಾದ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ, ಜಾತಿ ಮತ್ತು ಆದಾಯ ಪತ್ರಕ್ಕೆ ನಾಡಕಚೇರಿ ಎಂದು ಅಲೆಯುವುದಕ್ಕೇ ಒಂದು ವಾರ ಹೋಗುತ್ತದೆ. ಪಕ್ಕದ ಕೊಪ್ಪಳದವರಿಗಿರುವ 371ಜೆ (ಸಂವಿಧಾನದ ಆ ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಕೊಟ್ಟ) ಮೀಸಲಾತಿ ಗದಗ, ಹಾವೇರಿ, ಧಾರವಾಡ ಜಿಲ್ಲೆಗಳಿಗೆ ಇಲ್ಲ. ಇದು ತಿಳಿಯದೆ ಪ್ರತಿವರ್ಷ ಕೆಲವರು ಅದನ್ನು ನಂಬಿಕೊಂಡು ಕೂರುತ್ತಾರೆ. ನೀಟ್ ಆಧಾರದ ಸೀಟು ಬೇಕಾದವರು ಸೀಟು ಹಂಚುವ ಕೆಇಎಯಲ್ಲಿ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನೋಂದಾಯಿಸಬೇಕು ಎಂಬುದನ್ನೂ ನೆನಪಿಡಬೇಕು.

ಆ ದಿನಗಳಲ್ಲಿ ನಾವು ಅವಳನ್ನು ರಾತ್ರಿ ಒಬ್ಬಳೇ ಮಲಗಲು ಬಿಡಲಿಲ್ಲ, ಇದನ್ನು ಬರೆಯಲು ನನಗೆ ಸಂಕೋಚವಿಲ್ಲ. ಊಟ ಬಿಟ್ಟ, ಮಾತು ಬಿಟ್ಟ ಮಗು ಮನೆಯಲ್ಲಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿಮಾನಸ್‌ನ 14416ಕ್ಕೆ ಕರೆ ಮಾಡಿ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ಗೆ ಕರೆದೊಯ್ಯಿರಿ. ಸೀಟು, ಕೋಟಾ, ಕೌನ್ಸೆಲಿಂಗ್ ಎಲ್ಲವೂ ಅದರ ನಂತರ.

ಅವಳು ಹನುಮನಮಟ್ಟಿಯ ಕೃಷಿ ಕಾಲೇಜನ್ನು ತನ್ನ ಪಟ್ಟಿಯಲ್ಲಿ ಮೇಲೆ ಹಾಕಿದಳು, ಸೀಟು ಸಿಕ್ಕಿತು, ಸೇರಿದಳು. ಅಣ್ಣನ ಮನಸ್ಸು ಇನ್ನೂ ಪೂರ್ತಿ ಒಪ್ಪಿಲ್ಲ. ನೆಂಟರು ಮಗಳು ಏನು ಓದುತ್ತಾಳೆ ಎಂದು ಕೇಳಿದಾಗ ಅವನು ಸುಮ್ಮನಾಗುತ್ತಾನೆ, ಅವಳೇ ಉತ್ತರ ಕೊಡುತ್ತಾಳೆ.