ನೀರು ನಿಂತ ಓಕ್ ಕಾಡಿಗೆ ಒಂದು ಡಕ್ ಕಾಲ್

ಜನವರಿ 18, 2025, ಶನಿವಾರ
ಲಿಟಲ್ ರಾಕ್, ಅರ್ಕಾನ್ಸಾಸ್

ಈ ವರ್ಷದ ಬಾತು ಬೇಟೆಯ ಕಾಲ ಮುಗಿಯಲು 13 ದಿನಗಳಿವೆ ಎನ್ನುವಾಗ, ನನ್ನ ಕೊರಳ ದಾರದಲ್ಲಿ ಯಾವ ಡಕ್ ಕಾಲ್ ಇರಬೇಕೆಂಬುದು ಕಡೆಗೂ ಇತ್ಯರ್ಥವಾಯಿತು. ಊರಿನಲ್ಲಿ ಇದನ್ನು ಓದುವವರಿಗಾಗಿ ಮೊದಲೇ ಹೇಳಿಬಿಡುತ್ತೇನೆ: ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಕಾಡುಬಾತುಗಳ ಬೇಟೆ ಅಪರಾಧ; ಇಲ್ಲಿ ಅದು ಪರವಾನಗಿ, ಅಂಚೆಚೀಟಿಯಂಥ ಡಕ್ ಸ್ಟ್ಯಾಂಪ್ ಮತ್ತು ದಿನದ ಮಿತಿಗಳಿಗೆ ಒಳಪಟ್ಟು ನಡೆಯುವ ಕೆಲಸ. ಡಕ್ ಕಾಲ್ ಎಂದರೆ ಹೆಣ್ಣು ಮಲ್ಲಾರ್ಡ್ ಬಾತಿನ ಕೂಗನ್ನು ಹೊರಡಿಸುವ ಗೇಣಿಗಿಂತ ಚಿಕ್ಕದಾದ ಪೀಪಿ. ಹೊರಗಿನ ಕೊಳವೆಯೊಳಗೆ ಬಿರಡೆಯಂತೆ ಇನ್ನೊಂದು ತುಂಡು ಕೂರುತ್ತದೆ. ಅದರ ಬಾಗಿದ ಮೈಯ ಮೇಲೆ ದನಿ ಹುಟ್ಟಿಸುವ ತೆಳುವಾದ ಪ್ಲಾಸ್ಟಿಕ್ ಪಟ್ಟಿಯನ್ನು, ಅಂದರೆ ರೀಡನ್ನು, ಒಂದು ಕಾರ್ಕ್ ಚೂರು ಒತ್ತಿ ಹಿಡಿದಿರುತ್ತದೆ. ಚಿಕ್ಕಂದಿನಲ್ಲಿ ಪಪ್ಪಾಯಿ ದಂಟಿನ ಪೀಪಿ ಊದಿದವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗಲಾರದು.

ಮೊದಲ ಕಾಲ್ ಕೊಂಡಾಗ ನಾನು ಕಿವಿಯ ಮಾತು ಕೇಳಿ ಕೆಟ್ಟೆ. ಥ್ಯಾಂಕ್ಸ್‌ಗಿವಿಂಗ್ ವಾರದಲ್ಲಿ ಇದೇ ರಾಜ್ಯದ ಸ್ಟಟ್‌ಗಾರ್ಟ್ ಪಟ್ಟಣದಲ್ಲಿ ನಡೆಯುವ ವಿಶ್ವ ಡಕ್ ಕಾಲಿಂಗ್ ಸ್ಪರ್ಧೆಯನ್ನು ನೋಡಲು ಹೋಗಿದ್ದೆ. 1936ರಲ್ಲಿ ಆರಂಭವಾದ ಈ ಸ್ಪರ್ಧೆಯಲ್ಲಿ, 1955 ಮತ್ತು 1956ರಲ್ಲಿ ಸತತವಾಗಿ ಗೆದ್ದ ಪ್ಯಾಟ್ ಪೀಕಾಕ್ ಎಂಬ ಮಹಿಳೆಯ ಹೆಸರನ್ನು ಇಲ್ಲಿನವರು ಇಂದಿಗೂ ಗೌರವದಿಂದ ಹೇಳುತ್ತಾರೆ. ವೇದಿಕೆಯ ಮೇಲೆ ತೊಂಬತ್ತು ಸೆಕೆಂಡುಗಳ ಒಳಗೆ ದೂರದ ಹಿಂಡನ್ನು ಕೂಗುವ ಉದ್ದನೆಯ ಕರೆಯಿಂದ ಹಿಡಿದು ಮೇವಿನ ಗೊಣಗಾಟದವರೆಗೆ ಎಲ್ಲವನ್ನೂ ಕೇಳಿಸಿದ ಆ ಊದುಗಾರರ ಉಸಿರಿಗೆ ಮಾರುಹೋಗಿ, ಅಂಥದ್ದೇ ಒಂದು ಅಕ್ರಿಲಿಕ್ ಕಾಲ್ ಅನ್ನು ಅದೇ ದಿನ ಕೊಂಡು ತಂದೆ. ಅದು ಒಳ್ಳೆಯ ಕಾಲ್ ಎಂಬುದರಲ್ಲಿ ನನಗೆ ಈಗಲೂ ಸಂಶಯವಿಲ್ಲ. ಆದರೆ ಅದು ಬಯಲಿನದು, ವೇದಿಕೆಯದು. ನಾನು ನಿಲ್ಲುವುದು ಕಾಡಿನೊಳಗೆ.

ಸ್ಟಟ್‌ಗಾರ್ಟ್ ಸುತ್ತಲಿನ ಗ್ರ್ಯಾಂಡ್ ಪ್ರೇರಿ ಭತ್ತದ ಸೀಮೆ. ಅಮೆರಿಕದ ಭತ್ತದಲ್ಲಿ ಸುಮಾರು ಅರ್ಧದಷ್ಟು ಬೆಳೆಯುವುದು ಈ ರಾಜ್ಯದಲ್ಲೇ. ಕೊಯ್ಲಾದ ಗದ್ದೆಯಲ್ಲಿ ನೀರು ನಿಂತಾಗ ಏಳುವ ವಾಸನೆ ನನ್ನನ್ನು ಪ್ರತಿ ಬಾರಿಯೂ ಶಿವಮೊಗ್ಗದ ಗದ್ದೆಗಳಿಗೆ ಕರೆದೊಯ್ಯುತ್ತದೆ. ಪಕ್ಕದ ಬೇಯೂ ಮೀಟೋ ಅರಣ್ಯವು 33 ಸಾವಿರ ಎಕರೆಗೂ ದೊಡ್ಡದು. ಚಳಿಗಾಲದಲ್ಲಿ ಅದರ ಓಕ್ ಮರಗಳ ಬುಡಕ್ಕೆ ನೀರು ನಿಲ್ಲುತ್ತದೆ, ಉದುರಿದ ಓಕ್ ಕಾಯಿಗಳನ್ನು ತಿನ್ನಲು ಉತ್ತರದಿಂದ ಬಂದ ಮಲ್ಲಾರ್ಡ್‌ಗಳು ಇಳಿಯುತ್ತವೆ. ಎಲೆ ಕಳಚಿದ ಮರಕ್ಕೆ ಒರಗಿ ತೊಡೆಮಟ್ಟದ ನೀರಿನಲ್ಲಿ ನಿಂತು, ಕೊಂಬೆಗಳ ನಡುವಣ ಒಂದು ತೆರವಿನ ಮೂಲಕ ಅವುಗಳನ್ನು ಕೆಳಗೆ ಕರೆಯಬೇಕು. ನೀರು ಮತ್ತು ಕಾಂಡಗಳೆರಡೂ ಸದ್ದನ್ನು ಹಿಂದಕ್ಕೆ ಎಸೆಯುತ್ತವೆ. ಬಯಲಿನಲ್ಲಿ ಗಾಳಿಗೆ ಕರಗಿಹೋಗುವ ಅಕ್ರಿಲಿಕ್‌ನ ಚೂಪು ದನಿ ಇಲ್ಲಿ ಕಂಚಿನ ತಟ್ಟೆ ಬಡಿದಂತೆ ಮೊಳಗುತ್ತದೆ. ಮರದ ತುದಿಯವರೆಗೆ ಇಳಿದ ಬಾತುಗಳು ಆ ಸದ್ದಿಗೆ ಬೆಚ್ಚಿ ಮೇಲೇರಿ ಹೋದುದನ್ನು ನಾನು ಕಳೆದೆರಡು ಋತುಗಳಲ್ಲಿ ಎಷ್ಟೋ ಸಲ ಕಂಡಿದ್ದೇನೆ.

ಇಂದು ಬೆಳಗ್ಗೆ ಅಲ್ಲಿಗೆ ಮೂರು ಕಾಲ್‌ಗಳನ್ನು ಒಯ್ದಿದ್ದೆ: ನನ್ನ ಅಕ್ರಿಲಿಕ್, ಗೆಳೆಯನೊಬ್ಬನ ಎರಡು ರೀಡಿನ ಪಾಲಿಕಾರ್ಬನೇಟ್, ಮತ್ತು ಕಾಲ್ ಕಡೆಯುವ ಹಿರಿಯರೊಬ್ಬರು ಪರೀಕ್ಷೆಗೆಂದು ಕೊಟ್ಟಿದ್ದ, ಬೋಡಾರ್ಕ್ ಎಂಬ ಗಟ್ಟಿ ಮರದ ಒಂದೇ ರೀಡಿನ ಕಾಲ್. ಗುಂಡು ಹಾರಿಸಲು ಅನುಮತಿಯಿರುವ ಹೊತ್ತು ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚೆ ಶುರುವಾಗುತ್ತದೆ. ಅದಕ್ಕೂ ಮೊದಲೇ ಗೊಂಬೆ ಬಾತುಗಳನ್ನು ತೇಲಿಬಿಟ್ಟು, ಗೆಳೆಯನನ್ನು ನೂರು ಹೆಜ್ಜೆ ಆಚೆ ನಿಲ್ಲಿಸಿ, ಮೂರನ್ನೂ ಊದಿ ಕೇಳಿಸಿದೆ. ಈ ಪರೀಕ್ಷೆಯನ್ನು ಮೊದಲ ವರ್ಷವೇ ಮಾಡಬೇಕಿತ್ತು. ಅಂಗಡಿಯ ನಾಲ್ಕು ಗೋಡೆಗಳ ನಡುವೆ ಊದುವವನಿಗೆ ಕೇಳಿಸುವ ದನಿಯೇ ಬೇರೆ, ಕಾಡಿನಲ್ಲಿ ಬಾತಿಗೆ ಕೇಳಿಸುವ ದನಿಯೇ ಬೇರೆ.

ಎರಡು ರೀಡಿನ ಕಾಲ್ ಸುಲಭಕ್ಕೆ ಒಲಿಯುತ್ತದೆ. ಹೆಣ್ಣು ಬಾತಿನ ದನಿಯಲ್ಲಿರುವ ಒರಟುತನ ಅದರಲ್ಲಿ ಹುಟ್ಟಿನಿಂದಲೇ ಇದೆ. ಉಸಿರು ಸ್ವಲ್ಪ ತಪ್ಪಿದರೂ ಕಾಲ್ ಕಿರುಚುವುದಿಲ್ಲ. ಹೊಸಬರಿಗೆ ನಾನು ಅದನ್ನೇ ಕೊಳ್ಳಿರೆಂದು ಹೇಳುತ್ತೇನೆ. ಆದರೆ ಚಳಿಯಲ್ಲಿ ಎಂಜಲಿನ ತೇವ ಸೇರಿದಾಗ ಎರಡು ರೀಡುಗಳು ಒಂದಕ್ಕೊಂದು ಅಂಟಿಕೊಂಡು ದನಿಯೇ ಕಟ್ಟಿಹೋಗುತ್ತದೆ. ಇಂದೂ ಹಾಗೆಯೇ ಆಯಿತು, ಅದೂ ಒಂದು ಹಿಂಡು ಎರಡನೆಯ ಸುತ್ತು ಹೊಡೆಯುತ್ತಿದ್ದಾಗ. ಮರಗಳ ಮೇಲೆ ದೂರದಲ್ಲಿ ಸಾಗುವ ಹಿಂಡನ್ನು ತಿರುಗಿಸಬಲ್ಲ ಗಟ್ಟಿ ಕರೆಯೂ ಅದರಿಂದ ಹೊರಡಲಿಲ್ಲ.

ಬೋಡಾರ್ಕ್ ಕಾಲ್ ಅನ್ನು ಕೈಗೆತ್ತಿಕೊಂಡಾಗ ನಾನು ಕೇಳಿಕೊಂಡ ಪ್ರಶ್ನೆ ಒಂದೇ: ಇದು ಎಷ್ಟು ಕಡಿಮೆ ಉಸಿರಿಗೆ ಬಾಯಿ ಬಿಡುತ್ತದೆ? ಕನ್ನಡಕದ ಗಾಜನ್ನು ಒರೆಸುವ ಮುನ್ನ ಅದರ ಮೇಲೆ ಆವಿ ಬಿಡುತ್ತೇವಲ್ಲ, ಹೊಟ್ಟೆಯಿಂದ ಬರುವ ಅಷ್ಟೇ ಬೆಚ್ಚನೆಯ ಉಸಿರಿಗೆ ಅದು ಒಂದು ತುಂಡು ಕ್ವಾಕ್ ಎಂದಿತು; ದನಿಗೆ ಅಂಚಿರಲಿಲ್ಲ, ಹೊಳಪಿರಲಿಲ್ಲ, ಇಪ್ಪತ್ತು ಗಜದಾಚೆ ಓಕ್ ಕಾಯಿ ಹುಡುಕುತ್ತಿರುವ ನಿಜವಾದ ಬಾತಿನಂತೆಯೇ ಇತ್ತು. ಉಸಿರು ಹೆಚ್ಚಿಸಿದಾಗ ಅದೇ ಕಾಲ್ ಕಾಡಿನ ತಲೆಯ ಮೇಲಕ್ಕೂ ಮುಟ್ಟಿತು. ಅಕ್ರಿಲಿಕ್‌ನಷ್ಟು ದೂರ ಅಲ್ಲ, ನಿಜ, ಆದರೆ ನನಗೆ ಬೇಕಾದಷ್ಟು. ಕಾಲ್‌ನ ಗಟ್ಟಿ ದನಿಯನ್ನು ಎಲ್ಲರೂ ಅಳೆಯುತ್ತಾರೆ. ನೀರು ತುಂಬಿದ ಕಾಡಿಗಾದರೆ ಅದರ ಅತಿ ಮೆಲುದನಿಯನ್ನೇ ಮೊದಲು ಅಳೆಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಎಂಟು ಗಂಟೆಯ ಹೊತ್ತಿಗೆ ಹನ್ನೆರಡು ಬಾತುಗಳ ಒಂದು ಹಿಂಡು ಬಂತು. ಅವು ಬೆನ್ನು ತೋರಿಸಿದಾಗ ಮಾತ್ರ ಐದು ಸ್ವರಗಳ ಇಳಿಜಾರು ಕರೆ ಕೊಟ್ಟೆ. ನಮ್ಮತ್ತ ತಿರುಗಿದೊಡನೆ ಸುಮ್ಮನಾಗಿ, ಗೊಂಬೆಗಳ ಸುತ್ತ ಅಲೆ ಏಳಲೆಂದು ಕಾಲಿನಿಂದ ನೀರು ಒದ್ದೆ. ಮೂರನೆಯ ಸುತ್ತಿನಲ್ಲಿ ಎರಡೇ ಎರಡು ಮೆಲ್ಲನೆಯ ಕ್ವಾಕ್. ಅವು ರೆಕ್ಕೆ ಬಿಚ್ಚಿ, ಕೊಂಬೆಗಳ ನಡುವೆ ಎಲೆ ಉದುರಿದಂತೆ ತೂಗಾಡುತ್ತ ಇಳಿದವು. ಇಲ್ಲಿ ಒಬ್ಬರಿಗೆ ದಿನಕ್ಕೆ ನಾಲ್ಕು ಮಲ್ಲಾರ್ಡ್, ಅವುಗಳಲ್ಲಿ ಹೆಣ್ಣು ಎರಡನ್ನು ಮೀರುವಂತಿಲ್ಲ. ನಾವು ಹೆಣ್ಣನ್ನು ಹೊಡೆಯುವುದೇ ಇಲ್ಲ. ಹಕ್ಕಿ ಅಷ್ಟು ನಿಧಾನವಾಗಿ, ಅಷ್ಟು ಹತ್ತಿರಕ್ಕೆ ಇಳಿದರೆ ಗಂಡಿನ ಹಸಿರು ತಲೆಯನ್ನು ಗುರುತಿಸಲು ಸಮಯ ಸಿಗುತ್ತದೆ, ಗುಂಡು ಗುರಿ ತಪ್ಪಿ ಹಕ್ಕಿ ಗಾಯಗೊಂಡು ನರಳುವ ಸಂಭವವೂ ಕಡಿಮೆಯಾಗುತ್ತದೆ. ಸರಿಯಾದ ಕಾಲ್‌ಗಾಗಿ ನಾನು ಇಷ್ಟು ತಲೆ ಕೆಡಿಸಿಕೊಳ್ಳಲು ಮುಖ್ಯ ಕಾರಣ ಇದೇ. ಎರಡು ಗಂಡುಗಳನ್ನು ಮನೆಗೆ ತಂದೆ.

ಮಧ್ಯಾಹ್ನ ಹಿರಿಯರ ಕಾರ್ಯಾಗಾರಕ್ಕೆ ಹೋಗಿ ಹಣ ಕೊಟ್ಟೆ. ಮರ ತೇವಕ್ಕೆ ಹಿಗ್ಗುತ್ತದೆ, ಆದ್ದರಿಂದ ಮನೆ ತಲುಪಿದೊಡನೆ ಎರಡು ತುಂಡುಗಳನ್ನು ಬಿಡಿಸಿ ಒಣಗಿಸಬೇಕೆಂದು ಅವರು ಎರಡು ಸಲ ಹೇಳಿದರು. ರೀಡು ಜರುಗಿದರೆ ಮತ್ತೆ ಅದೇ ಜಾಗಕ್ಕೆ ಕೂರಿಸಲು ನೆರವಾಗಲೆಂದು ಅದರ ಮೇಲೆ ಸೂಜಿಯಿಂದ ಒಂದು ಗೆರೆಯನ್ನೂ ಎಳೆದುಕೊಟ್ಟರು. ಕಾಲ್ ಈಗ ಅಡುಗೆಮನೆಯ ಕಿಟಕಿಯ ಬಳಿ, ಬಟ್ಟೆಯ ಮೇಲೆ ಎರಡು ತುಂಡಾಗಿ ಒಣಗುತ್ತಿದೆ. ಅಕ್ರಿಲಿಕ್ ಅನ್ನು ಗದ್ದೆಯ ಬೇಟೆಗೆಂದು ಬೇರೆ ದಾರಕ್ಕೆ ಕಟ್ಟಿಟ್ಟಿದ್ದೇನೆ. ಖಾಲಿಯಾದ ಕುಣಿಕೆಗೆ ಗಂಡು ಬಾತಿನ ಮೆಲುದನಿ ಹೊರಡಿಸುವ ಸಣ್ಣ ಸಿಳ್ಳೆಯೊಂದನ್ನು ನಾಳೆ ಕೊಂಡು ತರಬೇಕು.