‘ಇವಳು ಯಾವಾಗ ಮಾತಾಡ್ತಾಳೆ?’

ಮಗಳಿಗೆ ಮೂರು ವರ್ಷ ದಾಟಿದೆ. ಅವಳಿಗೆ ಡೌನ್ ಸಿಂಡ್ರೋಮ್ ಇದೆ ಅಂತ ಮೊದಲೇ ಗೊತ್ತಿದ್ದವರೂ ಈಗಷ್ಟೇ ಗೊತ್ತಾದವರೂ ಕೇಳುವುದು ಒಂದೇ ಪ್ರಶ್ನೆ: ಇವಳು ಯಾವಾಗ ಮಾತಾಡ್ತಾಳೆ? ಕೇಳುವವರಲ್ಲಿ ಕೆಟ್ಟ ಮನಸ್ಸಿನವರು ಕಡಿಮೆ. ಆದರೆ ಕೇಳುವುದು ನನ್ನನ್ನು, ಅದೂ ಅವಳ ಎದುರಿಗೇ. ಅವಳಿಗೆ ಅದು ಚೆನ್ನಾಗಿ ಅರ್ಥವಾಗುತ್ತದೆ ಎಂಬುದು ಯಾರಿಗೂ ಹೊಳೆಯುವುದಿಲ್ಲ.

ನನ್ನ ಉತ್ತರ ಇಷ್ಟೇ. ಅವಳು ಆಗಲೇ ಮಾತಾಡುತ್ತಿದ್ದಾಳೆ, ಬಾಯಿಂದ ಬರುವುದು ಮಾತ್ರ ತಡ.

ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಗ್ರಹಿಕೆ ಮುಂದೆ, ಮಾತು ಹಿಂದೆ. ‘ಚಪ್ಪಲಿ ತಗೊಂಡು ಬಾ’ ಅಂದರೆ ತರುವ ಮಗುವಿಗೆ ‘ಚಪ್ಪಲಿ’ ಅನ್ನಲು ಇನ್ನೊಂದು ವರ್ಷ ಬೇಕಾಗಬಹುದು. ಒಂದೂವರೆ ವರ್ಷಕ್ಕೇ ಮೊದಲ ಮಾತಾಡುವವರಿದ್ದಾರೆ, ನಾಲ್ಕಾದರೂ ಆಡದವರಿದ್ದಾರೆ. ಹಾಗಾಗಿ ನಾನು ಯಾರಿಗೂ ತಾರೀಕು ಕೊಡುವುದಿಲ್ಲ.

ತಡವಾಗುವುದಕ್ಕೆ ಕಾರಣ ಒಂದಲ್ಲ. ಮೂಲದಲ್ಲಿರುವುದು 21ನೇ ಕ್ರೋಮೋಸೋಮಿನ ಒಂದು ಹೆಚ್ಚುವರಿ ಪ್ರತಿ. 1959ರಲ್ಲಿ ಅದು ಬೆಳಕಿಗೆ ಬಂತು. ಅದರಿಂದಾಗಿ ಮೈಯ ಸ್ನಾಯುಗಳೆಲ್ಲ ಸಡಿಲ, ತುಟಿ ನಾಲಿಗೆಯವೂ ಸೇರಿ. ಬಾಯಿಯ ಒಳಜಾಗ ಚಿಕ್ಕದು, ನಾಲಿಗೆ ಅದರಲ್ಲಿ ಇಕ್ಕಟ್ಟಾಗಿ ಕೂತಿರುತ್ತದೆ. ಒಂದು ಕಾಲದಲ್ಲಿ ನಾಲಿಗೆಯನ್ನೇ ಕತ್ತರಿಸಿ ಸಣ್ಣದು ಮಾಡುವ ಶಸ್ತ್ರಚಿಕಿತ್ಸೆ ಮಾಡಿದವರಿದ್ದರು. ಅಧ್ಯಯನ ಮಾಡಿ ನೋಡಿದಾಗ ಉಚ್ಚಾರಣೆಯೇನೂ ಸುಧಾರಿಸಿರಲಿಲ್ಲ. ‘ನಾಲಿಗೆಗೆ ಏನಾದ್ರೂ ಮಾಡಿಸ್ಬಾರ್ದಾ’ ಅಂತ ಸಲಹೆ ಕೊಡುವವರಿಗೆ ಈ ಕಥೆ ಹೇಳುತ್ತೇನೆ.

ಇನ್ನೊಂದು ದೊಡ್ಡ ಕಾರಣ ಕಿವಿ, ಅದನ್ನು ಯಾರೂ ಕೇಳುವುದೇ ಇಲ್ಲ. ಈ ಮಕ್ಕಳ ಕಿವಿಯಿಂದ ಗಂಟಲಿಗೆ ಹೋಗುವ ನಾಳ ಕಿರಿದು. ನೆಗಡಿಯಾದರೆ ಸಾಕು, ಕಿವಿತಮಟೆಯ ಹಿಂದೆ ಅಂಟು ನೀರು ತುಂಬಿಕೊಂಡು ತಿಂಗಳುಗಟ್ಟಲೆ ಇರಬಹುದು. ನೋವಿಲ್ಲ, ಜ್ವರವಿಲ್ಲ, ಮಗು ಅಳುವುದೂ ಇಲ್ಲ. ನೀರೊಳಗೆ ಮುಳುಗಿ ಹೊರಗಿನವರ ಮಾತು ಕೇಳಿದ ಹಾಗೆ ಅದಕ್ಕೆ ಎಲ್ಲವೂ ಮಂಕಾಗಿ ಕೇಳುತ್ತಿರುತ್ತದೆ. ‘ಸ’, ‘ಶ’, ‘ಫ’ದಂಥ ಮೆಲ್ಲನೆಯ ಅಕ್ಷರಗಳು ಅದರ ಕಿವಿಗೆ ಬಿದ್ದೇ ಇರುವುದಿಲ್ಲ. ಬೀಳದ್ದನ್ನು ಆಡುವುದು ಹೇಗೆ? ಶ್ರವಣ ಸರಿಯಿದೆ ಎಂದು ಖಾತ್ರಿಯಾಗುವವರೆಗೆ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು. ಥೈರಾಯ್ಡ್ ತೊಂದರೆಯಿಂದಲೂ ಮಾತು ಹಿಂದೆ ಬೀಳಬಹುದು, ಅದರ ರಕ್ತಪರೀಕ್ಷೆಯೂ ಬೇಕು: ಹುಟ್ಟಿದಾಗ, ಮೊದಲ ವರ್ಷದಲ್ಲಿ ಆರು ತಿಂಗಳಿಗೊಮ್ಮೆ, ಮುಂದೆ ಪ್ರತಿ ವರ್ಷ. ಬಂದಿದ್ದ ಮಾತು ನಿಂತುಹೋದರೆ ‘ಡೌನ್ ಸಿಂಡ್ರೋಮ್ ಅಲ್ವಾ, ಹಾಗೇ’ ಅಂತ ಸುಮ್ಮನಾಗಬಾರದು. ಕಿವಿ, ಥೈರಾಯ್ಡ್, ನಿದ್ದೆಯಲ್ಲಿ ಉಸಿರು ಕಟ್ಟುವುದು, ಆಟಿಸಂ, ಇವನ್ನೆಲ್ಲ ನೋಡಿಸಬೇಕು.

ಇನ್ನು ಕೈಮಾತಿನ ವಿಷಯ. ಐದೂ ಬೆರಳ ತುದಿ ಕೂಡಿಸಿ ಎರಡೂ ಕೈ ಒಂದಕ್ಕೊಂದು ತಟ್ಟಿದರೆ ‘ಇನ್ನೂ ಬೇಕು’. ಸೋಪಿನ ಗುಳ್ಳೆ ಊದುವ ಡಬ್ಬಿ ಹಿಡಿದು ಕೂರುತ್ತೇನೆ. ಒಮ್ಮೆ ಊದಿ, ಮುಚ್ಚಳ ಬಿಗಿಯಾಗಿ ಹಾಕಿ ಸುಮ್ಮನಾಗುತ್ತೇನೆ. ಅವಳು ಮೊದಲು ಡಬ್ಬಿ ನೋಡುತ್ತಾಳೆ. ಆಮೇಲೆ ನನ್ನ ಮುಖ. ಮುಚ್ಚಳ ತಿರುಗಿಸಲು ನೋಡುತ್ತಾಳೆ, ಆಗುವುದಿಲ್ಲ. ಮತ್ತೆ ನನ್ನ ಮುಖ. ಆಮೇಲೆ ಬೆರಳುಗಳು ನಿಧಾನ ಕೂಡುತ್ತವೆ, ತುಟಿ ಮುಚ್ಚಿಕೊಂಡು ‘ಬ್...ಬ’ ಅನ್ನುತ್ತದೆ. ನನ್ನ ಪ್ರಕಾರ ಅದು ಪೂರ್ತಿ ವಾಕ್ಯ.

‘ಕೈಸನ್ನೆ ಕಲಿಸಿದ್ರೆ ಬಾಯಿ ಬರಲ್ಲ’ ಎನ್ನುವವರು ಬಹಳ. ಆ ಭಯಕ್ಕೆ ಆಧಾರವಿಲ್ಲ. ಸನ್ನೆಯ ಜೊತೆಗೇ ಮಾತನ್ನೂ ಆಡುತ್ತೇವಲ್ಲ, ಮಾತು ಬಂದ ಹಾಗೆ ಮಕ್ಕಳೇ ಸನ್ನೆ ಬಿಡುತ್ತಾರೆ. ಅಲ್ಲಿಯವರೆಗೆ ಅರಚಾಟ ಎಷ್ಟು ಕಡಿಮೆಯಾಗುತ್ತದೆ ಎನ್ನುವುದು ಮನೆಯವರಿಗೇ ಗೊತ್ತು.

ಆ ಗುಳ್ಳೆಯಾಟದಲ್ಲಿ ಕಷ್ಟದ ಭಾಗ ಊದುವುದಲ್ಲ, ಸುಮ್ಮನಿರುವುದು. ಕೇಳಿದ್ದು ತಲೆಯೊಳಗೆ ಇಳಿದು ಉತ್ತರವಾಗಿ ಹೊರಬರಲು ಇವಳಿಗೆ ಹೊತ್ತು ಹಿಡಿಯುತ್ತದೆ. ಮನಸ್ಸಿನಲ್ಲಿ ಹತ್ತು ಎಣಿಸಿ. ದೊಡ್ಡವರಿಗೆ ಮೂರಕ್ಕೇ ತಡೆಯುವುದಿಲ್ಲ, ಅದೇ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಮತ್ತೆ ಕೇಳುತ್ತಾರೆ. ಆಗ ಅವಳು ಮೊದಲಿನಿಂದ ಶುರು ಮಾಡಬೇಕು. ಎರಡನೇ ಸಲ ಕೇಳಲೇಬೇಕಿದ್ದರೆ ಅದೇ ಪದಗಳಲ್ಲಿ ಕೇಳಿ.

ಕೇಳಿದ್ದಕ್ಕಿಂತ ನೋಡಿದ್ದು ಇವರ ನೆನಪಿನಲ್ಲಿ ಹೆಚ್ಚು ಉಳಿಯುತ್ತದೆ. ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ಮನಶ್ಶಾಸ್ತ್ರಜ್ಞೆ ಸ್ಯೂ ಬಕ್ಲಿ 1980ರ ದಶಕದಲ್ಲೇ ಇದನ್ನು ಹಿಡಿದು, ಮಾತು ಬರುವ ಮೊದಲೇ ಓದು ಕಲಿಸಿ ಅದರ ಮೂಲಕ ಮಾತು ತರುವ ದಾರಿ ತೋರಿಸಿದರು. ನಾವು ಮನೆಯವರ ಫೋಟೋಗಳ ಪುಟ್ಟ ಪುಸ್ತಕ ಮಾಡಿದ್ದೇವೆ, ಪ್ರತಿ ಪುಟದಲ್ಲಿ ಕೆಳಗೆ ದಪ್ಪ ಅಕ್ಷರದಲ್ಲಿ ‘ಅಜ್ಜಿ’, ‘ಅಣ್ಣ’. ದುಬಾರಿ ಕಾರ್ಡುಗಳು, ಮೊಬೈಲ್ ಆ್ಯಪ್‌ಗಳು ಇದರ ಮುಂದೆ ಏನೂ ಅಲ್ಲ. ಮಾತು ಕಲಿಯಲು ಎದುರಿಗೆ ಒಂದು ಮುಖ ಬೇಕು, ಆ್ಯಪ್ ಇವಳ ಸರದಿಗೆ ಕಾಯುವುದೂ ಇಲ್ಲ. ವಾಕ್‌ಚಿಕಿತ್ಸಕರ ಹತ್ತಿರ ಹೋಗುತ್ತೇವೆ, ಅದೂ ಬೇಕು. ಆದರೆ ಅಲ್ಲಿ ಸಿಗುವುದು ಅರ್ಧ ಗಂಟೆ, ಉಳಿದ ವಾರವೆಲ್ಲ ಮನೆಯಲ್ಲೇ.

ಇದಿಷ್ಟು ಹೇಳಿದ ಮೇಲೆ ಕೆಲವರು ಕೇಳುವ ಇನ್ನೊಂದು ಪ್ರಶ್ನೆ, ‘ಮುಂದೆ ಎಲ್ಲರ ಹಾಗೆ ಸ್ಪಷ್ಟವಾಗಿ ಮಾತಾಡ್ತಾಳಾ?’ ಹೆಚ್ಚಿನವರು ಮಾತಾಡುತ್ತಾರೆ, ಅನೇಕರು ವಾಕ್ಯಗಳಲ್ಲೇ. ಉಚ್ಚಾರಣೆ ಮಾತ್ರ ಹೊರಗಿನವರಿಗೆ ಹಿಡಿಯಲು ಸ್ವಲ್ಪ ಕಷ್ಟವಾಗಿಯೇ ಉಳಿಯಬಹುದು. ಕೆಲವರು ದೊಡ್ಡವರಾದ ಮೇಲೂ ಚಿತ್ರ ಮುಟ್ಟಿದರೆ ಮಾತಾಡುವ ಟ್ಯಾಬ್ಲೆಟ್ ಬಳಸುತ್ತಾರೆ. ಇವಳು ಯಾವ ಗುಂಪಿಗೆ ಸೇರುತ್ತಾಳೋ ನೋಡಬೇಕು. ಸದ್ಯಕ್ಕೆ, ಸಿಕ್ಕಾಗ ಅವಳ ಎತ್ತರಕ್ಕೆ ಬಗ್ಗಿ, ಅವಳನ್ನೇ ಕೇಳಿ. ಹತ್ತು ಎಣಿಸುವುದು ಮರೆಯಬೇಡಿ.